ಕುಣಿವ ಕಾಲು, ನಿಂತ ಕಣ್ಣು



ಚಿತ್ರವು ನಿಶ್ಚಲವಾದುದು, ನೃತ್ಯವು ಚಲನೆಯನ್ನೇ ಪ್ರಾಣವಾಗಿ ಉಳ್ಳದ್ದು. ಈ ಎರಡು ಕಲೆಗಳು ಒಂದನ್ನೊಂದು ಸಂಧಿಸಿದಾಗಲೆಲ್ಲ, ಓಡುವುದನ್ನು ನಿಂತುದರಲ್ಲಿ ಹಿಡಿಯುವುದೆಂತು ಎಂಬ ಪ್ರಶ್ನೆಯನ್ನು ವಿಮರ್ಶಕರು ಎತ್ತುತ್ತ ಬಂದಿದ್ದಾರೆ, ಮತ್ತು ರೇಖೆಯ ಲಯವೆಂದೊ ಬಣ್ಣದ ಆಂದೋಲನವೆಂದೊ ಏನಾದರೊಂದು ಸಮಾಧಾನವನ್ನು ಹೇಳಿಕೊಂಡು ತೃಪ್ತರಾಗಿದ್ದಾರೆ. ಆ ಪ್ರಶ್ನೆಯನ್ನು ಮತ್ತೊಮ್ಮೆ ಮಥಿಸುವ ಉದ್ದೇಶ ನನಗಿಲ್ಲ. ಈ ದತ್ತಿ ಉಪನ್ಯಾಸವನ್ನು ಸ್ಥಾಪಿಸಿದವರು ವಿಷಯದ ಆಯ್ಕೆಯನ್ನು ಉಪನ್ಯಾಸಕನಿಗೇ ಬಿಟ್ಟಿರುವ ಔದಾರ್ಯವನ್ನು ಬಳಸಿಕೊಂಡು ನಾನು ಇಂದು ಬೇರೊಂದನ್ನು ಕೇಳಬಯಸುತ್ತೇನೆ: ಚಿತ್ರದಲ್ಲಿ ಕುಣಿಯುತ್ತಿರುವ ವ್ಯಕ್ತಿ ಯಾರು, ಮತ್ತು ಆ ವ್ಯಕ್ತಿಯನ್ನು ಕಂಡ ಚಿತ್ರಕಾರನು ಕಾಣುವಾಗ ಎಲ್ಲಿ ನಿಂತಿದ್ದನು?

ಎರಡನೆಯದಕ್ಕೆ ಉತ್ತರ ದೊರೆಯದ ಹೊರತು ಮೊದಲನೆಯದಕ್ಕೆ ದೊರೆಯಲಾರದೆಂಬುದು ನನ್ನ ಅಭಿಪ್ರಾಯ. ಭಾವಚಿತ್ರಕ್ಕಾಗಿ ಎದುರು ಕುಳಿತವನು ತನ್ನ ಪದವಿಗೂ ಕುಲಕ್ಕೂ ತೊಟ್ಟ ಉಡುಪಿಗೂ ಒಪ್ಪುವ ಭಂಗಿಯೊಂದನ್ನು ಆರಿಸಿಕೊಂಡು, ಲೋಕವು ತನ್ನನ್ನು ಹೇಗೆ ಗುರುತಿಸಬೇಕೆಂದು ಹಂಬಲಿಸುತ್ತಾನೊ ಹಾಗೆಯೇ ಕುಳಿತಿರುತ್ತಾನೆ. ಅವನ ಸ್ವತ್ವವೆಲ್ಲ ಮುಖದಲ್ಲಿ ಬಂದು ನೆಲಸಿರುತ್ತದೆ, ಚಿತ್ರಕಾರನೂ ಅದನ್ನು ಸಾವಕಾಶವಾಗಿ ಓದಿಕೊಳ್ಳಬಲ್ಲನು. ಕುಣಿಯುವವನಿಗೆ ಆ ವ್ಯವಧಾನವಿಲ್ಲ. ತಾಳಕ್ಕೆ ಮೈಯನ್ನು ಒಪ್ಪಿಸಿದ ಕ್ಷಣದಿಂದ ಅವನ ಸ್ವತ್ವವು ಮುಖದಿಂದ ಇಳಿದು ಹೆಗಲಿಗೆ, ಸೊಂಟಕ್ಕೆ, ಹಿಮ್ಮಡಿಗೆ ಹರಿದುಹೋಗಿರುತ್ತದೆ. ದೇಹದ ಭಾರವು ಯಾವ ಕಾಲಿನ ಮೇಲೆ ಬಿದ್ದಿದೆ, ಮೊಣಕಾಲು ಎಷ್ಟು ಸಡಿಲವಾಗಿದೆ, ಪಕ್ಕದವನ ಭುಜಕ್ಕೂ ತನ್ನ ಭುಜಕ್ಕೂ ಎಷ್ಟು ಅಂತರವನ್ನು ಅವನು ಉಳಿಸಿಕೊಂಡಿದ್ದಾನೆ ಎಂಬುದರಲ್ಲಿ ಅವನು ಎಲ್ಲಿಂದ ಬಂದವನು, ಯಾರ ನಡುವೆ ಬೆಳೆದವನು ಎಂಬುದೆಲ್ಲ ಅಡಗಿರುತ್ತದೆ. ಅದನ್ನು ಓದಬೇಕಾದರೆ ನೋಡುವವನು ಹತ್ತಿರ ನಿಂತಿರಬೇಕು. ಎಷ್ಟು ಹತ್ತಿರ ಮತ್ತು ಯಾವ ಅಧಿಕಾರದಿಂದ ಎಂಬುದೇ ಇಂದಿನ ವಿಚಾರ.

ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ಸಿನಲ್ಲಿ ಎದ್ಗಾರ್ ದೆಗಾ ನರ್ತಕಿಯರ ಚಿತ್ರಗಳಿಂದಲೇ ತನ್ನ ಬಾಳನ್ನು ತುಂಬಿಕೊಂಡನು. ಆತನು ನಿಂತುದು ಒಪೆರಾ ಮಂದಿರದ ರಂಗದ ಪಕ್ಕದಲ್ಲಿ, ಅಭ್ಯಾಸದ ಕೊಠಡಿಯ ಮೂಲೆಯಲ್ಲಿ. ಬಡವರ ಮನೆಗಳಿಂದ ಬಂದ ಹುಡುಗಿಯರು ಕಾಲಿನ ನೋವಿಗೆ ಮುಖ ಸಿಂಡರಿಸುವುದನ್ನು, ಬೆನ್ನು ಕೆರೆದುಕೊಳ್ಳುವುದನ್ನು, ಪಾದರಕ್ಷೆಯ ಪಟ್ಟಿಯನ್ನು ಬಿಗಿದುಕೊಳ್ಳುವುದನ್ನು ಆತನು ನೋಡಿದಷ್ಟು ನಿರ್ದಾಕ್ಷಿಣ್ಯವಾಗಿ ಅವರ ತಾಯಂದಿರೂ ನೋಡಿರಲಾರರು. ಆದರೆ ಆ ಚಿತ್ರಗಳ ಅಂಚಿನಲ್ಲಿ ಆಗಾಗ ಕಪ್ಪು ಕೋಟಿನ ಗಂಡಸೊಬ್ಬನ ಅರ್ಧ ಮೈ ಕಾಣಿಸಿಕೊಳ್ಳುತ್ತದೆ. ವಾರ್ಷಿಕ ಚಂದಾ ಕೊಟ್ಟು ರಂಗದ ಹಿಂಬದಿಗೆ ಬರುವ ಹಕ್ಕನ್ನು ಪಡೆದ ಶ್ರೀಮಂತನು ಅವನು, ಮತ್ತು ಅವನು ಅಲ್ಲಿಗೆ ಬರುತ್ತಿದ್ದುದು ಕಲಾಪ್ರೇಮದಿಂದ ಮಾತ್ರವಲ್ಲವೆಂಬುದು ಊರಿಗೆಲ್ಲ ತಿಳಿದಿದ್ದ ಸಂಗತಿ. ದೆಗಾ ಆ ಕಪ್ಪು ಕೋಟನ್ನು ಮರೆಮಾಡಲಿಲ್ಲ. ಅದು ಆತನ ಪ್ರಾಮಾಣಿಕತೆ. ತಾನೂ ಅವನ ಪಕ್ಕದಲ್ಲಿಯೇ ನಿಂತವನೆಂಬುದನ್ನು ದಾಟಲೂ ಇಲ್ಲ. 1881ರಲ್ಲಿ ಆತನು ಪ್ರದರ್ಶಿಸಿದ ಹದಿನಾಲ್ಕರ ಪುಟ್ಟ ನರ್ತಕಿಯ ಮೇಣದ ಪ್ರತಿಮೆಗೆ ನಿಜವಾದ ಬಟ್ಟೆಯ ಲಂಗವೂ ಕೂದಲೂ ಇದ್ದುವು, ಹೆಸರೊಂದು ಇರಲಿಲ್ಲ. ಅದಕ್ಕೆ ರೂಪದರ್ಶಿಯಾಗಿ ನಿಂತ ಮರಿ ವಾನ್ ಗೋಥೆಮ್ ಎಂಬ ಅಗಸಗಿತ್ತಿಯ ಮಗಳನ್ನು ಮರುವರ್ಷವೇ ಒಪೆರಾದವರು ಕೆಲಸದಿಂದ ತೆಗೆದುಹಾಕಿದರು. ಅತ್ತ ವಿಮರ್ಶಕರು ಪ್ರತಿಮೆಯ ಮುಖದಲ್ಲಿ ಕಪಿಯನ್ನೂ ದುರ್ಗುಣವನ್ನೂ ಕಂಡು ಬರೆಯುತ್ತಿದ್ದರು. ಜಗತ್ತಿನ ಅತ್ಯಂತ ಪ್ರಸಿದ್ಧಳಾದ ಆ ನರ್ತಕಿಯನ್ನು ಕುರಿತು ಆಕೆಯ ಹೊರತು ಉಳಿದವರೆಲ್ಲರೂ ಮಾತನಾಡಿದ್ದಾರೆ.

ಚಿತ್ರಕಾರ ಮತೀಸ್ ಈ ತೊಡಕಿನಿಂದ ಬೇರೊಂದು ದಾರಿಯಲ್ಲಿ ಪಾರಾದನು. ಮಾಸ್ಕೋದ ವರ್ತಕ ಶ್ಚುಕಿನ್‌ನ ಮನೆಯ ಮೆಟ್ಟಿಲುಸಾಲಿಗೆಂದು 1910ರಲ್ಲಿ ಬರೆದ ‘ನೃತ್ಯ’ದಲ್ಲಿ ಐದು ಕೆಂಪು ದೇಹಗಳು ಹಸುರು ನೆಲದ ಮೇಲೆ ವರ್ತುಲವಾಗಿ ಕುಣಿಯುತ್ತಿವೆ, ಅವಕ್ಕೆ ಊರಿಲ್ಲ, ಕಾಲವಿಲ್ಲ, ಉಡುಪಿಲ್ಲ. ಎಲ್ಲರ ಕುಣಿತವಾಗಬೇಕೆಂದು ಯಾರ ಕುಣಿತವೂ ಆಗದಿರುವ ಬೆಲೆಯನ್ನು ಆ ಚಿತ್ರ ತೆತ್ತಿದೆ. ಅದೊಂದು ಮಹಾಕೃತಿಯೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅದರ ದೆಸೆಯಿಂದ, ಕುಣಿತವೆಂದರೆ ದೇಶಕಾಲಗಳನ್ನು ಕಳಚಿಹಾಕುವುದೇ ಎಂಬ ಭ್ರಮೆ ಮುಂದಿನ ಅರುವತ್ತು ಎಪ್ಪತ್ತು ವರ್ಷಗಳ ಕಾಲ ಚಿತ್ರಶಾಲೆಗಳಲ್ಲಿ ಬೇರೂರಿತೆಂದೂ ಹೇಳಬೇಕಾಗುತ್ತದೆ. ಅದಕ್ಕೆ ಎದುರಾಗಿ ನಿಂತ ಚಿತ್ರಗಳೇ ನನ್ನ ಮುಖ್ಯ ವಿಷಯ. ಮತ್ತು ಅವನ್ನು ಬರೆದವರಲ್ಲಿ ಹೆಚ್ಚು ಹೊತ್ತನ್ನು ನಾನು ಒಬ್ಬರಿಗೆ ಕೊಡುತ್ತೇನೆ.

ಡೆನ್ಜಿಲ್ ಫಾರೆಸ್ಟರ್ ಅವರು 1956ರಲ್ಲಿ ಕೆರಿಬಿಯನ್ ಸಮುದ್ರದ ಗ್ರೆನಡಾ ದ್ವೀಪದಲ್ಲಿ ಹುಟ್ಟಿ, 1967ರಲ್ಲಿ, ಬಾಲಕನಾಗಿರುವಾಗಲೇ, ಲಂಡನ್ನಿಗೆ ಬಂದವರು. ಅಂದಿನ ಲಂಡನ್ ನಗರವು ವಸಾಹತುಗಳಿಂದ ಬಂದ ಕರಿಯ ಜನರಿಗೆ ರೈಲಿನಲ್ಲಿ, ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ ದುಡಿಮೆಯನ್ನು ಕೊಟ್ಟಿದ್ದಿತೇ ಹೊರತು ಶನಿವಾರದ ರಾತ್ರಿ ಕುಣಿಯುವುದಕ್ಕೆ ಜಾಗವನ್ನು ಕೊಟ್ಟಿರಲಿಲ್ಲ. ನಗರಮಧ್ಯದ ಅನೇಕ ನೃತ್ಯಶಾಲೆಗಳ ಬಾಗಿಲಲ್ಲಿ ಒಳಗೆ ಬಿಡುವುದೊ ಬಿಡದಿರುವುದೊ ಎಂಬ ತೀರ್ಮಾನವು ಮೈಬಣ್ಣವನ್ನು ನೋಡಿಯೇ ಆಗುತ್ತಿದ್ದಿತು. ಆದುದರಿಂದ ಆ ಜನರು ಮನೆಗಳ ನೆಲಮಾಳಿಗೆಗಳನ್ನೂ ಬಾಡಿಗೆಯ ಸಭಾಂಗಣಗಳನ್ನೂ ಆ ಒಂದು ರಾತ್ರಿಯ ಮಟ್ಟಿಗೆ ತಮ್ಮವಾಗಿ ಮಾಡಿಕೊಂಡು, ಜಮೈಕದಿಂದ ಬಂದ ‘ಸೌಂಡ್ ಸಿಸ್ಟಂ’ ಎಂಬ ಏರ್ಪಾಟನ್ನು ಅಲ್ಲಿ ಹೂಡಿದರು: ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳು, ಕೈಯಿಂದಲೇ ಜೋಡಿಸಿದ ಆಂಪ್ಲಿಫೈಯರು, ಗ್ರಾಮಫೋನಿನ ತಟ್ಟೆಯನ್ನು ಆರಿಸಿ ಹಾಕಬಲ್ಲ ಒಬ್ಬ ಮರ್ಮಜ್ಞ. ಪೂರ್ವ ಲಂಡನ್ನಿನ ಇಂಥ ಕ್ಲಬ್ಬುಗಳಲ್ಲಿ ಜಾ ಶಾಕಾ ಎಂಬಾತನ ಏರ್ಪಾಟು ಬೆಳಗಿನ ತನಕ ನಡೆಯುತ್ತಿದ್ದಿತು. ತಟ್ಟೆ ಬದಲಾಯಿಸುವಾಗಿನ ಮೌನವನ್ನೂ ಆತನು ಸೈರನ್ನಿನ ಕೂಗಿನಿಂದ ತುಂಬಿ, ಆ ಮೌನಕ್ಕಾಗಿಯೇ ಜನ ಕಾಯುವಂತೆ ಮಾಡುತ್ತಿದ್ದನಂತೆ.

ಅಲ್ಲಿ ನುಡಿಯುತ್ತಿದ್ದ ಸಂಗೀತವನ್ನು ಕುರಿತು ಎರಡು ಮಾತು ಹೇಳದೆ ಚಿತ್ರಗಳಿಗೆ ಹೋಗುವಂತಿಲ್ಲ. ‘ಡಬ್’ ಎಂಬುದು ಜಮೈಕದ ‘ರೆಗೆ’ ಎಂಬ ಹಾಡಿನದೇ ಇನ್ನೊಂದು ಅವಸ್ಥೆ. ಧ್ವನಿಮುದ್ರಣದಿಂದ ಹಾಡುಗಾರನ ಕಂಠವನ್ನು ಬಹುಮಟ್ಟಿಗೆ ತೆಗೆದುಹಾಕಿ, ಡ್ರಮ್ಮಿನ ಪೆಟ್ಟನ್ನೂ ಬೇಸ್ ಗಿಟಾರಿನ ಮಂದ್ರವನ್ನೂ ಮುಂದಕ್ಕೆ ತಂದು, ಅಳಿದುಳಿದ ಒಂದೊಂದು ಪದವನ್ನು ಪ್ರತಿಧ್ವನಿಯಾಗಿ ದೂರಕ್ಕೆ ಕಳುಹಿಸುವ ಈ ವಿದ್ಯೆಯಲ್ಲಿ, ಹಾಡಿನ ಮುಖವೇ ಅಳಿಸಿಹೋಗಿ ಅದರ ಅಸ್ಥಿಯೂ ಉಸಿರೂ ಮಾತ್ರ ಉಳಿಯುತ್ತವೆ. ಕೇಳುವವನು ಅದನ್ನು ಕಿವಿಯಿಂದಲ್ಲ, ಎದೆಗೂಡಿನಿಂದ ಕೇಳುತ್ತಾನೆ. ಫಾರೆಸ್ಟರ್ ಅವರ ಕುಂಚವೂ ಇದನ್ನೇ ಮಾಡಿತೆಂದು ನನಗೆ ತೋರುತ್ತದೆ. ಅವರ ಕತ್ತಲೆಯ ಚಿತ್ರಗಳಲ್ಲಿ ಮುಖಗಳು ಅರೆಬರೆಯಾಗಿ, ಕೆಲವೆಡೆ ಒಂದು ಬೆಳಕಿನ ಚೂರಾಗಿ ಮಾತ್ರ ಇವೆ. ಆದರೆ ಟೋಪಿಯ ಓರೆ, ಹಿಂದಕ್ಕೆ ಬಾಗಿದ ಬೆನ್ನು, ಸ್ಪೀಕರ್ ಪೆಟ್ಟಿಗೆಗೆ ಒರಗಿದ ಹೆಗಲು, ಇವು ಎಷ್ಟು ನಿಶ್ಚಿತವಾಗಿವೆಯೆಂದರೆ ಆ ರಾತ್ರಿ ಅಲ್ಲಿದ್ದವರು ತಮ್ಮ ಗೆಳೆಯರನ್ನು ಹೆಸರು ಹಿಡಿದು ಕರೆಯಬಲ್ಲರು.

ಈ ನಿಶ್ಚಿತತೆ ಬಂದುದು ಹೇಗೆ? ಲಂಡನ್ನಿನ ಸೆಂಟ್ರಲ್ ಕಲಾಶಾಲೆಯಲ್ಲಿಯೂ, ಬಳಿಕ ರಾಯಲ್ ಕಾಲೇಜಿನಲ್ಲಿಯೂ ಓದುತ್ತಿದ್ದ ತರುಣ ಫಾರೆಸ್ಟರ್ ಅವರು ದೊಡ್ಡ ಕಾಗದದ ಹಾಳೆಗಳನ್ನೂ ಇದ್ದಿಲನ್ನೂ ಪೇಸ್ಟಲ್ ಕಡ್ಡಿಗಳನ್ನೂ ಹೊತ್ತುಕೊಂಡು ರಾತ್ರಿ ಕ್ಲಬ್ಬಿಗೆ ಹೋಗುತ್ತಿದ್ದರು. ಅಲ್ಲಿ ಬೆಳಕಿಲ್ಲ, ಯಾವ ಬಣ್ಣದ ಕಡ್ಡಿ ಕೈಗೆ ಬಂದಿದೆಯೆಂಬುದು ಗೊತ್ತಾಗದು, ಗೆರೆ ಎಲ್ಲಿ ಬಿದ್ದಿತೆಂಬುದೂ ಕಾಣದು. ಒಂದು ತಟ್ಟೆ ನುಡಿಯುವಷ್ಟು ಹೊತ್ತು ಒಂದು ಚಿತ್ರ. ಹಾಡು ಮುಗಿದರೆ ಚಿತ್ರವೂ ಮುಗಿಯಿತು, ಹಾಳೆ ತಿರುವಿ ಮುಂದಿನದು. ಹಾಡೊಂದಕ್ಕೆ ಸುಮಾರು ನಾಲ್ಕು ನಿಮಿಷ. ಸುತ್ತಲೂ ಕುಣಿಯುವವರ ಮೊಣಕೈ ತಗಲುತ್ತಿದ್ದಿತು, ಅದೇ ಮಂದ್ರಸ್ವರವು ಬರೆಯುವವನ ಮಣಿಕಟ್ಟನ್ನೂ ನಡುಗಿಸುತ್ತಿದ್ದಿತು. ಮರುದಿನ ಹಗಲಿನಲ್ಲಿ ಆ ಹಾಳೆಗಳನ್ನು ಹರಡಿಕೊಂಡಾಗ ಕಂಡುಬಂದುದು ಬಿಡಿಬಿಡಿ ಮನುಷ್ಯರಲ್ಲ. ಮನುಷ್ಯರ ನಡುವಿನ ಒತ್ತಡ. ಅದನ್ನು ಆಧಾರವಾಗಿಟ್ಟುಕೊಂಡು ಅವರು ಆಳಿಗಿಂತ ಎತ್ತರದ ಕ್ಯಾನ್ವಾಸುಗಳ ಮೇಲೆ ನೀಲಿ, ಊದಾ, ಉರಿಗೆಂಪುಗಳಿಂದ ಕೊಠಡಿಯನ್ನೇ ಕಟ್ಟಿದರು; ಬೆಳಕು ಅಲ್ಲಿ ಮುರಿದ ಗಾಜಿನ ತ್ರಿಕೋನಗಳಾಗಿ ಮೇಲಿನಿಂದ ಬೀಳುತ್ತದೆ, ದೇಹಗಳೂ ಆ ತ್ರಿಕೋನಗಳ ಅಂಚಿಗೆ ಸಿಕ್ಕಿ ಕತ್ತರಿಸಲ್ಪಟ್ಟು ಮತ್ತೆ ಕೂಡಿಕೊಳ್ಳುತ್ತವೆ. ದೆಗಾ ನೋಡಿದುದು ಬೆಳಕಿನಲ್ಲಿ, ಆಚೆಯಿಂದ. ಈ ಚಿತ್ರಕಾರನಿಗೆ ಆಚೆಯೆಂಬುದೇ ಇರಲಿಲ್ಲ.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಈ ಚಿತ್ರಗಳು ಉತ್ಸವದ ಚಿತ್ರಗಳೆಂದು ನೀವು ಭಾವಿಸಬಹುದು. 1981ನೆಯ ಇಸವಿ ಲಂಡನ್ನಿನ ಕರಿಯ ಜನರ ಪಾಲಿಗೆ ಎಂಥದಾಗಿದ್ದಿತೆಂಬುದನ್ನು ಇಲ್ಲಿ ನೆನೆಯಬೇಕು. ಜನವರಿಯಲ್ಲಿ ನ್ಯೂ ಕ್ರಾಸ್ ಎಂಬಲ್ಲಿ ಹುಟ್ಟುಹಬ್ಬದ ಕೂಟ ನಡೆಯುತ್ತಿದ್ದ ಮನೆಗೆ ಬೆಂಕಿ ಬಿದ್ದು 13 ಮಂದಿ ಎಳೆಯರು ಸತ್ತರು. ಏಪ್ರಿಲ್ಲಿನಲ್ಲಿ ಬ್ರಿಕ್ಸ್ಟನ್ ಬೀದಿಗಳಲ್ಲಿ ಪೊಲೀಸರಿಗೂ ತರುಣರಿಗೂ ಘರ್ಷಣೆಗಳಾದುವು. ಅದೇ ವರ್ಷ, ಫಾರೆಸ್ಟರ್ ಅವರ ಪರಿಚಿತನಾಗಿದ್ದ ವಿನ್‌ಸ್ಟನ್ ರೋಸ್ ಎಂಬ ಬಾಕ್ಸರು, ಮನೋವ್ಯಾಧಿಯ ಚಿಕಿತ್ಸೆಗೆಂದು ಪೊಲೀಸರು ಹಿಡಿದೊಯ್ಯುತ್ತಿದ್ದಾಗ ಅವರ ವಶದಲ್ಲಿಯೇ ಪ್ರಾಣ ಬಿಟ್ಟನು. ಆತನ ಶವಸಂಸ್ಕಾರವನ್ನು ಫಾರೆಸ್ಟರ್ ಅವರು ಚಿತ್ರಿಸಿದರು. ಅಂದಿನಿಂದ ಅವರ ನೃತ್ಯಶಾಲೆಯ ಚಿತ್ರಗಳೊಳಗೆ ಪೊಲೀಸನು ಪ್ರವೇಶಿಸಿದನು. 1982ರ ‘ಮೂವರು ದುಷ್ಟರು’ ಎಂಬ ಕ್ಯಾನ್ವಾಸು ಒಂದು ರೆಗೆ ಹಾಡಿನಿಂದ ಹೆಸರನ್ನು ಪಡೆದಿದೆ. ಪೊಲೀಸನೂ ರಾಜಕಾರಣಿಯೂ ವ್ಯಾಪಾರಿಯೂ ಆ ಮೂವರು. ಅವರು ಕುಣಿಯುವವರ ನಡುವೆಯೇ ಇದ್ದಾರೆ, ಬಾಗಿಲಾಚೆ ಇಲ್ಲ. ಹೊರಗಿನ ಬೀದಿಯನ್ನು ಮರೆಯಲೆಂದು ಕಟ್ಟಿಕೊಂಡ ಕೊಠಡಿಯೊಳಗೂ ಬೀದಿ ಬಂದು ನಿಂತಿದೆ, ಆದರೂ ಕುಣಿತ ನಿಂತಿಲ್ಲ. ಸ್ವತ್ವವೆಂಬುದು ಕೇವಲ ಹೆಮ್ಮೆಯ ಘೋಷಣೆಯೆಂದು ತಿಳಿದವರು ಈ ಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಲ್ಲುವುದು ಒಳ್ಳೆಯದು.

ಇಂಥ ಕೃತಿಗಳನ್ನು ಬರೆದವರು ಮೂವತ್ತು ವರ್ಷ ಮಾರ್ಲಿ ಕಾಲೇಜಿನಲ್ಲಿ ಪಾಠ ಹೇಳಿಕೊಂಡಿದ್ದರು. ಪೀಟರ್ ಡಾಯ್ಗ್ ಎಂಬ ಸಮಕಾಲೀನ ಚಿತ್ರಕಾರರೂ ಮ್ಯಾಥ್ಯೂ ಹಿಗ್ಸ್ ಎಂಬವರೂ 2016ರಲ್ಲಿ ಪ್ರದರ್ಶನವನ್ನು ಏರ್ಪಡಿಸಿದ ಮೇಲೆಯೇ ದೊಡ್ಡ ಗ್ಯಾಲರಿಗಳವರಿಗೆ ಎಚ್ಚರವಾಯಿತು. ‘ಮೂವರು ದುಷ್ಟರು’ ಈಗ ಟೇಟ್ ಕಲಾಸಂಗ್ರಹಾಲಯದ ಸಂಗ್ರಹದಲ್ಲಿದೆ. 2019ರಲ್ಲಿ ಅದರ ಹೊಸ ರೂಪವೊಂದು ಬ್ರಿಕ್ಸ್ಟನ್ನಿನ ಭೂಗತ ರೈಲು ನಿಲ್ದಾಣದ ಬಾಗಿಲ ಮೇಲೆ ದೊಡ್ಡದಾಗಿ ಏರಿತು. ತಡವಾಗಿ ಬಂದ ಮನ್ನಣೆಯನ್ನು ಕುರಿತು ಕಲಾಲೋಕವು ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳುವ ಪರಿಯನ್ನು ನಾನು ಮೆಚ್ಚಲಾರೆ. ಅಷ್ಟೂ ವರ್ಷ ಚಿತ್ರಗಳು ಅಲ್ಲಿಯೇ ಇದ್ದುವು.

ಅಮೆರಿಕದ ಚಿತ್ರಕಾರ ಅರ್ನೀ ಬಾರ್ನ್ಸ್‌ನ ಕಥೆಯನ್ನು ಇದರ ಜತೆಯಲ್ಲಿಯೇ ಸಂಕ್ಷೇಪವಾಗಿ ಹೇಳಬಹುದು. 1938ರಲ್ಲಿ ಉತ್ತರ ಕೆರೊಲಿನಾದ ಡರ್ಹಾಮಿನಲ್ಲಿ ಹುಟ್ಟಿದ ಈತನು ವರ್ಣಭೇದದ ಕಟ್ಟುಪಾಡುಗಳ ನಡುವೆ ಬೆಳೆದವನು. 1956ರಲ್ಲಿ ಆ ಪ್ರಾಂತದ ಕಲಾಸಂಗ್ರಹಾಲಯಕ್ಕೆ ಹೋದ ವಿದ್ಯಾರ್ಥಿಯು ಕರಿಯ ಕಲಾವಿದರ ಚಿತ್ರಗಳು ಎಲ್ಲಿವೆಯೆಂದು ಕೇಳಲು, ನಿಮ್ಮವರು ಈ ರೀತಿಯಲ್ಲಿ ತಮ್ಮನ್ನು ವ್ಯಕ್ತಪಡಿಸುವುದಿಲ್ಲವೆಂಬ ಅರ್ಥದ ಉತ್ತರ ಸಿಕ್ಕಿತು. 1979ರಲ್ಲಿ ಅದೇ ಸಂಗ್ರಹಾಲಯದಲ್ಲಿ ಆತನ ಪ್ರದರ್ಶನವೇ ನಡೆಯಿತು. ನಡುವೆ ಆತನು ವೃತ್ತಿನಿರತ ಅಮೆರಿಕನ್ ಫುಟ್‌ಬಾಲ್ ಆಟಗಾರನಾಗಿದ್ದನು. ಎದುರಾಳಿಯ ದೇಹದ ಭಾರ ಯಾವ ಕಡೆಗೆ ವಾಲುತ್ತಿದೆಯೆಂಬುದನ್ನು ಅರೆಗಳಿಗೆಯಲ್ಲಿ ಅರಿಯದಿದ್ದರೆ ಮೂಳೆ ಮುರಿಯುವ ಆ ಆಟವು ಯಾವ ಅಂಗರಚನಾಶಾಸ್ತ್ರದ ತರಗತಿಯೂ ಕಲಿಸಲಾರದ್ದನ್ನು ಆತನಿಗೆ ಕಲಿಸಿತು. ಬಾಲ್ಯದಲ್ಲಿ ಒಂದು ರಾತ್ರಿ ಊರಿನ ಸಭಾಗೃಹಕ್ಕೆ ನುಸುಳಿ ಕಂಡ ನೃತ್ಯವನ್ನು ನೆನೆದು ಬರೆದ ‘ಶುಗರ್ ಶ್ಯಾಕ್’ ಚಿತ್ರದಲ್ಲಿ ಕೈಕಾಲುಗಳು ಜಗ್ಗಿದಷ್ಟೂ ನೀಳವಾಗುತ್ತವೆ, ಎಲ್ಲರ ಕಣ್ಣುಗಳೂ ಮುಚ್ಚಿವೆ. ನಾವು ಒಬ್ಬರ ಮಾನವತ್ವವನ್ನೊಬ್ಬರು ಕಾಣದ ಕುರುಡರೆಂದು ತೋರಿಸಲು ಕಣ್ಣು ಮುಚ್ಚಿಸಿದೆನೆಂದು ಆತನು ಹೇಳಿಕೊಂಡಿದ್ದುಂಟು. ನನಗೆ ಮಾತ್ರ ಅದು ಲಯದಲ್ಲಿ ತಲ್ಲೀನರಾದವರ ಸುಖವಾಗಿಯೇ ಕಾಣುತ್ತದೆ, ಚಿತ್ರಕಾರನ ವ್ಯಾಖ್ಯಾನವನ್ನು ಚಿತ್ರವು ಮೀರಿದೆ. ಮಾರ್ವಿನ್ ಗೇ ಎಂಬ ಗಾಯಕನ 1976ರ ಧ್ವನಿಮುದ್ರಿಕೆಯ ಹೊದಿಕೆಯ ಮೇಲೆಯೂ ಟೆಲಿವಿಷನ್ನಿನ ಒಂದು ಜನಪ್ರಿಯ ಹಾಸ್ಯಮಾಲಿಕೆಯಲ್ಲಿಯೂ ಬಂದ ಈ ಚಿತ್ರವನ್ನು ಅಲ್ಲಿನ ಕರಿಯ ಕುಟುಂಬಗಳು ತಮ್ಮ ಮನೆಯ ಗೋಡೆಯ ಚಿತ್ರವೆಂಬಂತೆ ಬಲ್ಲವು. 2022ರಲ್ಲಿ ಅದರ ಒಂದು ಪ್ರತಿ ಹರಾಜಿನಲ್ಲಿ ಒಂದೂವರೆ ಕೋಟಿ ಡಾಲರಿಗೂ ಮೇಲ್ಪಟ್ಟು ಹೋದುದು ಪತ್ರಿಕೆಗಳಿಗೆ ಸುದ್ದಿ. ಆ ಮನೆಗಳವರಿಗೆ ಅದರ ಬೆಲೆ ತಿಳಿಯಲು ಹರಾಜು ಬೇಕಾಗಿರಲಿಲ್ಲ.

ಕುಣಿತವನ್ನು ಒಳಗಿನಿಂದ ಬಲ್ಲವನ ಗೆರೆ ಬೇರೆಯಾಗಿರುತ್ತದೆಂಬುದಕ್ಕೆ ನಮ್ಮವರೊಬ್ಬರ ಸಾಕ್ಷ್ಯವೂ ಉಂಟು. ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ, ಮುಂಬಯಿಯಲ್ಲಿ ಬಾಳಿ ಕೀರ್ತಿವಂತರಾದ ಕೆ. ಕೆ. ಹೆಬ್ಬಾರರು, ರೇಖೆಗೆ ಲಯವು ಬರಬೇಕಾದರೆ ಅದು ಮೊದಲು ತಮ್ಮ ಕಾಲಿಗೆ ಬರಬೇಕೆಂದು ನಿಶ್ಚಯಿಸಿ, ವಯಸ್ಕರಾದ ಮೇಲೆ ಪಂಡಿತ ಸುಂದರ ಪ್ರಸಾದರಲ್ಲಿ ಕಥಕ್ ನೃತ್ಯವನ್ನು ಅಭ್ಯಾಸ ಮಾಡಿದರು. ಚಿತ್ರಕಾರನೊಬ್ಬನು ಕುಂಚವನ್ನು ಬದಿಗಿಟ್ಟು ಗೆಜ್ಜೆ ಕಟ್ಟಿ ತತ್ಕಾರದ ಹೆಜ್ಜೆಯನ್ನು ಒತ್ತುವುದು ಸಾಮಾನ್ಯ ಶ್ರದ್ಧೆಯ ಮಾತಲ್ಲ. ಹೆಬ್ಬಾರರ ರೇಖಾಚಿತ್ರಗಳಲ್ಲಿ ನರ್ತಕಿಯ ಹಸ್ತದಿಂದ ಹೊರಟ ಗೆರೆಯು ಕೊರಳನ್ನು ಬಳಸಿ, ಕಟಿಯಲ್ಲಿ ತುಸು ತಡೆದು, ಪಾದದಲ್ಲಿ ಸಮಕ್ಕೆ ಬಂದು ನಿಲ್ಲುತ್ತದೆ. ಎಲ್ಲಿ ತಡೆಯಬೇಕೆಂಬುದು ಕಣ್ಣಿಗೆ ತಿಳಿದುದಲ್ಲ, ಮೊಣಕಾಲಿಗೆ ತಿಳಿದುದು. ಆದರೆ ಫಾರೆಸ್ಟರ್ ಅವರಿಗೂ ಹೆಬ್ಬಾರರಿಗೂ ಒಂದು ಮುಖ್ಯ ಭೇದವಿದೆ. ಹೆಬ್ಬಾರರು ಕುಣಿತದೊಳಕ್ಕೆ ಹೋದುದು ಲಯವನ್ನು ತರಲು, ಕುಣಿಯುವವಳನ್ನು ತರಲಲ್ಲ. ಅವರ ಗೆರೆಯಲ್ಲಿ ನೃತ್ಯವಿದೆ, ಇಂಥ ಊರಿನ ಇಂಥ ನರ್ತಕಿಯಿಲ್ಲ. ಇದು ನಮ್ಮಲ್ಲಿ ಹಳೆಯ ರೂಢಿ. ಬೇಲೂರಿನ ಮದನಿಕೆಯರ ಪೀಠಗಳಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ಹೆಸರುಗಳನ್ನು ಕೊರೆದುಕೊಂಡರು. ಮೇಲೆ ತ್ರಿಭಂಗಿಯಲ್ಲಿ ನಿಂತವಳ ಹೆಸರನ್ನು ಯಾರೂ ಕೊರೆಯಲಿಲ್ಲ. ಆ ರೂಢಿಯಿಂದ ನಮ್ಮ ಕಲೆಗೆ ಸೌಂದರ್ಯದಲ್ಲಿ ಕೊರತೆಯಾಗಲಿಲ್ಲವೆಂದು ನಾನು ಒಪ್ಪುತ್ತೇನೆ. ಕುಣಿದವಳಿಗೆ ಏನಾಯಿತೆಂಬುದು ಬೇರೆ ಲೆಕ್ಕ.

ಇನ್ನು, ಕುಣಿಯುವವಳನ್ನೇ ಚಿತ್ರದೊಳಕ್ಕೆ ತಂದ ಚಿತ್ರಕಾರ್ತಿ ಪೌಲಾ ರೇಗೊ ಅವರ ಕಡೆಗೆ ಬರುತ್ತೇನೆ. 1935ರಲ್ಲಿ ಲಿಸ್ಬನ್ನಿನಲ್ಲಿ, ಸಲಾಜಾರನ ಸರ್ವಾಧಿಕಾರದಡಿಯ ಪೋರ್ಚುಗಲ್ಲಿನಲ್ಲಿ, ಹುಟ್ಟಿ, ಬಾಳಿನ ಬಹುಭಾಗವನ್ನು ಲಂಡನ್ನಿನಲ್ಲಿ ಕಳೆದು 2022ರಲ್ಲಿ ತೀರಿಕೊಂಡ ಈ ಮಹಿಳೆಯ 1988ರ ‘ನೃತ್ಯ’ವು ಹೆಸರಿನಿಂದಲೇ ಮತೀಸನಿಗೆ ಎದುರು ನಿಂತಂತಿದೆ. ಏಳಡಿ ಎತ್ತರಕ್ಕೂ ಒಂಬತ್ತಡಿ ಅಗಲಕ್ಕೂ ಸಮೀಪವಾದ ಆ ಚಿತ್ರದಲ್ಲಿ ಬೆಳುದಿಂಗಳ ಕಡಲತೀರ. ಹಿಂದೆ ಗುಡ್ಡದ ಮೇಲೆ ಕೋಟೆಯಂಥ ಒಂದು ಕಟ್ಟಡ, ಅಂಥ ಕರಾವಳಿಯ ಕೋಟೆಗಳು ಸಲಾಜಾರನ ಕಾಲದಲ್ಲಿ ಸೆರೆಮನೆಗಳಾಗಿದ್ದುದನ್ನು ಪೋರ್ಚುಗಲ್ಲಿನವರು ಮರೆತಿಲ್ಲ. ಕುಣಿಯುವವರು ಎಂಟು ಮಂದಿ. ಎರಡು ಜೋಡಿಗಳಿವೆ, ಗಂಡಸರು ಆ ಇಬ್ಬರೇ. ದೂರದಲ್ಲಿ ಮುದುಕಿ, ನಡುಹರೆಯದವಳು, ಹುಡುಗಿ, ಈ ಮೂವರು ಕೈಹಿಡಿದು ಸುತ್ತುತ್ತಿದ್ದಾರೆ. ಮತ್ತು ಎಡಗಡೆಯಲ್ಲಿ, ಉಳಿದವರೆಲ್ಲರಿಗಿಂತ ದೊಡ್ಡವಳಾಗಿ, ಯಾರ ಕೈಯನ್ನೂ ಹಿಡಿಯದೆ, ಒಬ್ಬಳು ತಾನೇ ಕುಣಿಯುತ್ತಿದ್ದಾಳೆ.

ಆ ಒಬ್ಬಳನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅವಳ ಪಾದಗಳು ಮರಳಿನಲ್ಲಿ ಊರಿವೆ. ಹಾರುವ ನರ್ತಕಿಯಲ್ಲ ಇವಳು. ಸೀರೆಯುಟ್ಟು ಮದುವೆಯ ಮನೆಯಲ್ಲಿ ದಿನವೆಲ್ಲ ಓಡಾಡಿದ ಹೆಂಗಸು ಎಲ್ಲರೂ ಉಂಡ ಮೇಲೆ ಹಿತ್ತಲಲ್ಲಿ ಕಾಲೂರಿ ನಿಂತ ಹಾಗೆ, ಗಟ್ಟಿಯಾಗಿ, ಇನ್ನು ಯಾರಿಗೂ ಉತ್ತರ ಹೇಳಬೇಕಾಗಿಲ್ಲವೆಂಬ ನಿಲುವಿನಲ್ಲಿ ನಿಂತಿದ್ದಾಳೆ. ಲಂಗದ ಅಂಚು ಮಾತ್ರ ಚಲನೆಯನ್ನು ಹೇಳುತ್ತದೆ. ದೀರ್ಘಕಾಲದಿಂದ ನರರೋಗದಲ್ಲಿ ನರಳುತ್ತಿದ್ದ ರೇಗೊ ಅವರ ಪತಿ, ಚಿತ್ರಕಾರ ವಿಕ್ಟರ್ ವಿಲಿಂಗ್, ಇದೇ 1988ರಲ್ಲಿ ತೀರಿಕೊಂಡರು. ಚಿತ್ರವನ್ನು ಬಾಳಿನ ಕಥೆಯಾಗಿ ಕರಗಿಸಿಬಿಡುವ ವ್ಯಾಖ್ಯಾನಪದ್ಧತಿಯಲ್ಲಿ ನನಗೆ ಒಲವಿಲ್ಲ. ಆದರೆ ಇಲ್ಲಿ ಜೋಡಿಯಿಂದ ಬೇರ್ಪಟ್ಟವಳು ಅಳುತ್ತಿಲ್ಲ, ದೊಡ್ಡವಳಾಗಿದ್ದಾಳೆ ಎಂಬುದನ್ನು ಕಾಣದಿರುವುದು ಕುರುಡುತನವಾದೀತು. ಮಗಳು, ಪ್ರೇಯಸಿ, ಗರ್ಭಿಣಿ, ಅಜ್ಜಿ ಎಂದು ಒಬ್ಬ ಹೆಣ್ಣಿಗೆ ಲೋಕವು ಕೊಡುವ ಗುರುತುಗಳೆಲ್ಲ ಆ ತೀರದಲ್ಲಿ ಸುತ್ತುತ್ತಿವೆ. ಅವುಗಳಲ್ಲಿ ಯಾವುದೂ ಅವಳಿಗೆ ಅಂಟಿಕೊಂಡಿಲ್ಲ.

ಏಳು ವರ್ಷಗಳ ಮೇಲೆ, 1995ರಲ್ಲಿ, ರೇಗೊ ಅವರು ಡಿಸ್ನಿಯ ‘ಫಾಂಟಾಸಿಯಾ’ ಚಲಚ್ಚಿತ್ರದಲ್ಲಿ ಬ್ಯಾಲೆ ಕುಣಿಯುವ ಉಷ್ಟ್ರಪಕ್ಷಿಗಳನ್ನು ಹಿಡಿದುಕೊಂಡು ಪೇಸ್ಟಲ್ಲಿನ ಒಂದು ಚಿತ್ರಮಾಲೆಯನ್ನು ರಚಿಸಿದರು. ಆ ಚಲಚ್ಚಿತ್ರದ ಹಕ್ಕಿಗಳು ನಗೆಗೆಂದು ಮಾಡಿದವು. ರೇಗೊ ಅವರು ಹಕ್ಕಿಗಳನ್ನು ತೆಗೆದು, ಆ ಸ್ಥಾನದಲ್ಲಿ ಕಪ್ಪು ಬ್ಯಾಲೆ ಉಡುಪಿನ, ಯೌವನ ಕಳೆದ, ತೋಳುತೊಡೆಗಳಲ್ಲಿ ಬಲವುಳ್ಳ ಹೆಂಗಸರನ್ನು ನಿಲ್ಲಿಸಿದರು. ಎಲ್ಲರಿಗೂ ರೂಪದರ್ಶಿ ಒಬ್ಬಳೇ: ವಿಲಿಂಗರ ಶುಶ್ರೂಷೆಗೆಂದು ಪೋರ್ಚುಗಲ್ಲಿನಿಂದ ಬಂದು ಬಹುಕಾಲ ಚಿತ್ರಕಾರ್ತಿಯ ಜತೆಯಲ್ಲಿಯೇ ಕೆಲಸ ಮಾಡಿದ ಲೀಲಾ ನೂನೆಸ್. ಕೆಲವರು ನೆಲದ ಮೇಲೆ ಮಲಗಿದ್ದಾರೆ, ಕೆಲವರು ಪಾದವನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದಾರೆ. ದೆಗಾನ ಹುಡುಗಿಯರು ಹೀಗೆಯೇ ಕುಳಿತಿದ್ದರಲ್ಲವೆ? ಕುಳಿತಿದ್ದರು, ಆದರೆ ತಮ್ಮನ್ನು ಯಾರೊ ನೋಡುತ್ತಿರುವರೆಂಬುದನ್ನು ಅರಿಯದವರಂತೆ ಕುಳಿತಿದ್ದರು. ಇವರಿಗೆ ಅದು ಗೊತ್ತಿದೆ, ಮತ್ತು ಗೊತ್ತಿದ್ದೂ ಮೈಯನ್ನು ಸರಿಪಡಿಸಿಕೊಳ್ಳುವ ಗೋಜಿಗೆ ಹೋಗಿಲ್ಲ. ಪೇಸ್ಟಲ್ ಕಡ್ಡಿಯನ್ನು ಗಟ್ಟಿಯಾಗಿ ಒತ್ತಿ, ಪದರದ ಮೇಲೆ ಪದರವಾಗಿ ಉಜ್ಜಿದ ಆ ಬಣ್ಣದಲ್ಲಿ ಸೊಂಟದ ಮಡಿಕೆಯೂ ಮೊಣಕೈಯ ಒರಟೂ ಬಿಗಿದ ಪಟ್ಟಿಯ ಕೆಳಗೆ ಉಬ್ಬಿದ ಮಾಂಸವೂ ಒಂದೇ ಗೌರವವನ್ನು ಪಡೆದಿವೆ. ನೃತ್ಯವು ಎಳೆಯರ ಸೊತ್ತೆಂದು ನಂಬಿದವರಿಗೆ ಇವು ಅಸಹ್ಯವಾಗಿ ಕಂಡರೆ ಆಶ್ಚರ್ಯವಿಲ್ಲ. ನನಗಂತೂ ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಬ್ಯಾಲೆಯನ್ನು ಕುರಿತು ಬಂದ ಅತ್ಯಂತ ಗಂಭೀರವಾದ ಚಿತ್ರಗಳು ಇವೇ ಎನಿಸುತ್ತದೆ.

ಇಷ್ಟು ಹೊತ್ತು ನಾನು ಹೇಳುತ್ತ ಬಂದ ಮಾತಿಗೆ ಒಬ್ಬರು ಅಡ್ಡ ನಿಲ್ಲುತ್ತಾರೆ. ಅವರನ್ನು ಬಿಟ್ಟು ಮುಗಿಸಿದರೆ ಅದು ಸುಲಭದ ದಾರಿಯಾದೀತು. ಘಾನಾ ದೇಶದಿಂದ ಬಂದ ತಂದೆತಾಯಿಗಳಿಗೆ 1977ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಲಿನೆಟ್ ಯಿಯಾಡಮ್-ಬ್ವಾಚಿ ಅವರು ಯಾರನ್ನೂ ಎದುರಿಗೆ ಕುಳ್ಳಿರಿಸಿಕೊಂಡು ಬರೆಯುವುದಿಲ್ಲ. ಅವರ ಮನುಷ್ಯರೆಲ್ಲ ಕಲ್ಪಿತರು. ಹಳೆಯ ಚಿತ್ರಗಳ, ಕತ್ತರಿಸಿಟ್ಟ ಪಟಗಳ, ಮನಸ್ಸಿನಲ್ಲಿ ಉಳಿದ ನಡೆಗಳ ಸಂಸ್ಕಾರದಿಂದ ಹುಟ್ಟಿ, ಬಹುಮಟ್ಟಿಗೆ ಒಂದೇ ದಿನದಲ್ಲಿ, ಬಣ್ಣ ಹಸಿಯಾಗಿರುವಾಗಲೇ ಪೂರ್ತಿಯಾದವರು. ಕಾಲವನ್ನು ಹೇಳಿಬಿಡುತ್ತವೆಂದು ಪಾದರಕ್ಷೆಗಳನ್ನು ಅವರು ಸಾಮಾನ್ಯವಾಗಿ ಬರೆಯುವುದಿಲ್ಲ. ಅವರ ಚಿತ್ರಗಳಲ್ಲಿ ಆಗಾಗ ಕಪ್ಪು ಅಭ್ಯಾಸದ ಉಡುಪು ತೊಟ್ಟ ಕರಿಯ ನರ್ತಕರು ಕಾಣಿಸುತ್ತಾರೆ: ಒಬ್ಬನು ಕಾಲು ಚಾಚಿದ್ದಾನೆ, ಇನ್ನೊಬ್ಬನು ನೆಲದಲ್ಲಿ ಕುಳಿತು ಅತ್ತ ನೋಡುತ್ತಿದ್ದಾನೆ, ಕುಣಿತ ಮುಗಿಯಿತೊ ಇನ್ನೂ ತೊಡಗಬೇಕೊ ತಿಳಿಯದು. ಚಿತ್ರಗಳ ಹೆಸರುಗಳು ಕಾವ್ಯದ ತುಣುಕಿನಂತಿದ್ದು ಏನನ್ನೂ ವಿವರಿಸುವುದಿಲ್ಲ.

ಇಲ್ಲಿ ಚಿತ್ರಕಾರ್ತಿಯು ಎಲ್ಲಿ ನಿಂತಿದ್ದಾರೆಂದು ಕೇಳಿದರೆ ಏನು ಹೇಳೋಣ? ಎದುರಿಗೆ ಯಾರೂ ಇಲ್ಲದಿರುವಾಗ ದೂರವೂ ಇಲ್ಲ, ಸಾಮೀಪ್ಯವೂ ಇಲ್ಲ. ಆದರೂ ಆ ನರ್ತಕರು ಇರುವ ಕೊಠಡಿ ನಮಗೆ ಗೊತ್ತಿರುವುದೇ. ದೆಗಾನ ಅಭ್ಯಾಸದ ಕೊಠಡಿ ಅದು. ಹಿಂದೆ ಅಲ್ಲಿಗೆ ಯಾರಿಗೆ ಪ್ರವೇಶವಿರಲಿಲ್ಲವೊ ಅವರು ಈಗ ತಮ್ಮ ಮನೆಯಲ್ಲಿದ್ದಷ್ಟು ನಿರಾತಂಕವಾಗಿ ಕಾಲು ಚಾಚಿದ್ದಾರೆ. ಅಂಚಿನಲ್ಲಿ ಕಪ್ಪು ಕೋಟಿನವನು ಇಲ್ಲ. ಇವರು ಯಾರು, ಯಾವ ಅನ್ಯಾಯಕ್ಕೆ ಸಾಕ್ಷಿಗಳು, ಯಾವ ಸಮುದಾಯದ ಪ್ರತಿನಿಧಿಗಳು ಎಂದು ನೋಡುವವನು ಕೇಳುತ್ತ ನಿಂತರೆ, ಹುಟ್ಟದೇ ಇರುವ ಮನುಷ್ಯನಿಂದ ಜನನಪತ್ರವನ್ನು ಕೇಳಿದಂತಾಗುತ್ತದೆ. ಕರಿಯ ಮೈಯೊಂದು ಚಿತ್ರದಲ್ಲಿ ಕಾಣಿಸಿಕೊಂಡರೆ ಕೂಡಲೇ ಅದು ತನ್ನ ಚರಿತ್ರೆಯ ಲೆಕ್ಕವನ್ನು ಒಪ್ಪಿಸಬೇಕೆಂಬ ನಿರೀಕ್ಷೆಯನ್ನೇ ಚಿತ್ರಕಾರ್ತಿಯು ನಿರಾಕರಿಸಿದ್ದಾರೆ. ಸುಮ್ಮನೆ ಇರುವ ಹಕ್ಕು, ದಣಿದು ಕುಳಿತುಕೊಳ್ಳುವ ಹಕ್ಕು, ಇದೂ ಸ್ವತ್ವವೇ.

ಇದನ್ನೆಲ್ಲ ಮನಸಾರೆ ಒಪ್ಪಿಯೂ ನನಗೆ ಒಂದು ಆಕ್ಷೇಪ ಉಳಿದಿದೆ. ಆ ನರ್ತಕರ ಪಾದಗಳನ್ನು ನೋಡಿ. ಒಂದು ದಿನದ ಅವಧಿಯಲ್ಲಿ ಮುಖಕ್ಕೂ ಕೊರಳಿಗೂ ದೊರೆತ ಗಮನವು ಪಾದಕ್ಕೆ ಇಳಿಯುವ ಹೊತ್ತಿಗೆ ತೆಳುವಾಗಿರುತ್ತದೆ. ಕುಂಚದ ಎರಡು ಎಳೆತಗಳಲ್ಲಿ ಕಾಲು ಮುಗಿದು ನೆಲದ ಕಂದಿನಲ್ಲಿ ಕರಗುತ್ತದೆ. ಭಾರವು ಎಲ್ಲಿ ಬಿದ್ದಿದೆಯೆಂದು ನಾನು ಹುಡುಕುತ್ತೇನೆ, ನನಗೆ ಸಿಕ್ಕುವುದಿಲ್ಲ. ಫಾರೆಸ್ಟರ್ ಅವರು ಕಣ್ಣಿಗೆ ಕಾಣದ ಕತ್ತಲೆಯಲ್ಲಿಯೂ ಹಿಡಿದುದು ಅದನ್ನೇ, ರೇಗೊ ಅವರು ಮರಳಿನಲ್ಲಿ ಊರಿದುದೂ ಅದನ್ನೇ, ಹೆಬ್ಬಾರರು ಗೆಜ್ಜೆ ಕಟ್ಟಿ ಕಲಿಯಹೋದುದೂ ಅದನ್ನೇ. ಕಲ್ಪನೆಯು ಮುಖವನ್ನು ಸೃಷ್ಟಿಸಬಲ್ಲದು, ನಿಲುವನ್ನೂ ಸೃಷ್ಟಿಸಬಲ್ಲದು. ಭಾರವನ್ನು ಮಾತ್ರ ಯಾವುದೊ ಒಂದು ದೇಹದಿಂದ ಪಡೆದೇ ತರಬೇಕೆಂದು ನನಗೆ ತೋರುತ್ತದೆ. ಇಲ್ಲ, ಆ ಲಘುತ್ವವೇ ಉದ್ದೇಶಪೂರ್ವಕವಾದುದು, ನೆಲಕ್ಕೆ ಕಟ್ಟಿಹಾಕದಿರುವುದೇ ಆ ನರ್ತಕರಿಗೆ ಕೊಟ್ಟ ಬಿಡುಗಡೆ ಎಂದು ವಾದಿಸುವವರಿದ್ದಾರೆ, ಅವರ ವಾದವು ಅಲ್ಲಗಳೆಯತಕ್ಕದ್ದಲ್ಲ. ಈ ಸಭೆಯಲ್ಲಿ ನೃತ್ಯವನ್ನು ಬಲ್ಲವರು ಕೆಲವರು ಕುಳಿತಿದ್ದೀರಿ. ಅಧ್ಯಕ್ಷರು ಅವಕಾಶ ಕೊಟ್ಟರೆ, ಕಾಲಿನ ಈ ವ್ಯಾಜ್ಯದಲ್ಲಿ ನಿಮ್ಮ ತೀರ್ಪು ಯಾವ ಕಡೆಗೆಂದು ಕೇಳಿ ತಿಳಿಯುವುದಕ್ಕೆ ನಾನು ಉತ್ಸುಕನಾಗಿದ್ದೇನೆ.